ಬುರುಡೆಯ ಎಡಮಗ್ಗುಲು

ಮೊದಲ ದಿನ ಟ್ಯಾಂಕನ್ನು ತೊಳೆದೆವು. ಲಾರಿಯಾಗಲಿ ಟ್ರ್ಯಾಕ್ಟರಾಗಲಿ, ಬಣ್ಣಕ್ಕೆ ಬಂದ ಗಾಡಿಗೆ ಮೊದಲು ಸ್ನಾನ ಮಾಡಿಸುವುದು ನಮ್ಮ ಕಸುಬಿನ ಪದ್ಧತಿ. ಸರ್ವೀಸ್ ಸ್ಟೇಷನ್ನಿನಿಂದ ಪಂಪು ತರಿಸಿ, ಸೋಪಿನ ಪುಡಿ ಕಲಸಿದ ನೀರು ಹೊಡೆದು, ಸಂದಿಗೊಂದಿಯಲ್ಲಿ ಸೇರಿಕೊಂಡಿದ್ದ ಗುಬ್ಬಿಗೂಡು, ಒಣಗಿದ ಜಾಲಿಮುಳ್ಳು, ಗುಟ್ಕಾ ಚೀಟಿಗಳನ್ನೆಲ್ಲ ಹೊರಗೆಳೆಯುವಷ್ಟರಲ್ಲಿ ಹೊತ್ತು ಮುಳುಗಿತು. ನಮ್ಮ ವೆಲ್ಡರ್ ದೂರ ನಿಂತು ನೋಡಿ, "ತೊಳದ್ರೂ ಹಂಗ ಐತಲ್ಲೋ ಮಾರಾಯ, ಎಮ್ಮಿ ಮೈ ತೊಳದಂಗಾತು" ಎಂದ.

ಅದು ಅಸಲಿ ಸೇನಾ ಟ್ಯಾಂಕು. ಎಪ್ಪತ್ತೊಂದರ ಲಡಾಯಿಯಲ್ಲಿ ಓಡಾಡಿದ್ದು. ಹೊಳಲಿನ ಕಡೆಯ ಕುರಿ ಸಾಕುವ ಮನೆಯ ಒಬ್ಬ ಯುವಕ ಅದರ ಗನ್ನರ್, ಒಳಗೆ ಕೂತು ಫಿರಂಗಿ ಹಾರಿಸುತ್ತಿದ್ದ. ಗುಂಡು ಬಿದ್ದು ಅದರೊಳಗೇ ತೀರಿಹೋದ. ಟ್ಯಾಂಕು ಮತ್ತೆ ಲಡಾಯಿಗೆ ಹೋಗಲಿಲ್ಲ. ಯಾವುದೋ ಡಿಪೋದಲ್ಲಿ ಬಹಳ ಕಾಲ ಬಿದ್ದಿದ್ದು, ಆಮೇಲೆ ಒಂದು ಸೇನಾ ಶಿಬಿರದ ಗೇಟಿನ ಮುಂದೆ ನಿಂತು, ದೊಡ್ಡ ಅಧಿಕಾರಿ ಬರುತ್ತಾರೆಂದಾಗಲೆಲ್ಲ ಮೇಲಿಂದ ಮೇಲೆ ಬಣ್ಣ ಹೊಡೆಸಿಕೊಂಡಿತ್ತು. ಅದನ್ನು ಓಡಿಸುತ್ತಿದ್ದವರು ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿಯವರು, ಬದುಕಿ ಬಂದವರು. ನಾವು ಅವರನ್ನು ಡ್ರೈವರಜ್ಜ ಎನ್ನುತ್ತೇವೆ. ಅವರು ಅರ್ಜಿ ಬರೆದು ಬರೆದು, ಕೊಟ್ಟೂರಿನಲ್ಲಿ ಒಂದು ಸಮಿತಿ ಕಟ್ಟಿಸಿ, ಕಡೆಗೂ ಟ್ಯಾಂಕನ್ನು ಇಲ್ಲಿಗೆ ತರಿಸಿದ್ದರು. ಕೂಡ್ಲಿಗಿ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಬಯಲಿನಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ಅದರ ಮೇಲೆ ಹತ್ತಿಸಿದ್ದರು.

ಸಮಿತಿಯ ಕಾರ್ಯದರ್ಶಿ ಶೇಂಗಾ ಎಣ್ಣೆ ಗಿರಣಿಯವರು, ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಮೊಬೈಲ್ ತೆಗೆಯುವವರು. "ಲಡಾಯ್ದಾಗ ಹೆಂಗಿತ್ತೋ ಹಂಗಾ ಆಗ್ಬೇಕ್ರಿ ಪೇಂಟರ್" ಎಂದು ಒಂದು ಚಿತ್ರ ತೋರಿಸಿದರು. ಎಲೆ ಎಲೆ ಚುಕ್ಕಿಯ ಹಸಿರು. ಸಂತೆಯಲ್ಲಿ ಮಾರುವ ಮಿಲಿಟರಿ ಚಡ್ಡಿಯ ಮೇಲೆ ಇರುತ್ತದಲ್ಲ, ಅದೇ. ನಾನು ನಕ್ಕೆ. ಅವರಿಗೆ ಬೇಜಾರಾಯಿತು.

ಹೊರಡುವಾಗ ಒಂದು ಮಾತು ಹೇಳಿದರು. "ಡ್ರೈವರಜ್ಜಗ ಕಣ್ಣಿನ ಆಪರೇಷನ್ ಆಗೈತಿ, ಧೂಳಿಗೆ ಬರಂಗಿಲ್ಲ. ತಾನು ಬರೋತನ ಮ್ಯಾಲಿನ ಭಾಗ ಮುಟ್ಟಬ್ಯಾಡ್ರಿ ಅಂತ ಹೇಳ್ಯಾರ."

ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇ ಮುಗಿಯುತ್ತಿತ್ತು. ಇನ್ನು ಮೂರು ವಾರದಲ್ಲಿ ಗಾಳಿ ಏಳುತ್ತದೆ. ನಮ್ಮ ಕಡೆ ಗಾಳಿ ಎದ್ದಿತೆಂದರೆ ಹಸಿ ಬಣ್ಣದ ಮೇಲೆ ಕೆಮ್ಮಣ್ಣು ಕೂತು, ಎಂಥ ಗಾಡಿಯೂ ರವೆ ಹಚ್ಚಿ ಕರಿದ ಮೆಣಸಿನಕಾಯಿ ಆಗುತ್ತದೆ. ನನಗೆ ಗಾಳಿಯದೇ ಚಿಂತೆ. ಅಲ್ಲದೆ ಗ್ರೈಂಡರ್ ಕೈಗೆ ಬಂದ ಮೇಲೆ ನಾನು ಯಾರಿಗೂ ಕಾಯುವ ಪೈಕಿ ಅಲ್ಲ.

ಮೂರು ದಿನ ಕೆಳಗಿನ ಭಾಗ ಮಾಡಿದೆವು. ಬಣ್ಣ ಬಿಡಿಸುವ ದ್ರಾವಣ ಹಚ್ಚಿದರೆ ಮೇಲಿನ ಒಂದು ಪದರ ಮಾತ್ರ ಉಬ್ಬಿತು, ಉಳಿದದ್ದು ಜಗ್ಗಲಿಲ್ಲ. ಬಿಸಿಲಿಗೆ ಕಾದ ಉಕ್ಕಿನ ಮೇಲೆ ದ್ರಾವಣ ನಿಲ್ಲುವುದೇ ಇಲ್ಲ, ಹಚ್ಚಿದ್ದು ಹಚ್ಚಿದಂತೆ ಆರಿಹೋಗುತ್ತದೆ. ಕಡೆಗೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಕೂತೆ. ಚಕ್ರದ ಮೇಲಿನ ತೆಳು ತಗಡು ಜರಡಿಯಾಗಿತ್ತು. ವೆಲ್ಡರ್ ಅದನ್ನು ಕತ್ತರಿಸಿ ಹೊಸ ತಗಡು ಕೂರಿಸಿದ. ಕೆಳಭಾಗದ ಮುಂದುಗಡೆ, ಡ್ರೈವರ್ ಕೂರುವ ಕಿಂಡಿಯ ಸುತ್ತ, ಬಣ್ಣವೆಲ್ಲ ಹಿಂದೆಯೇ ಉದುರಿ ತುಕ್ಕು ಹಿಡಿದಿತ್ತು. ಅಲ್ಲಿ ಉಜ್ಜುವುದಕ್ಕೆ ತುಕ್ಕು ಬಿಟ್ಟರೆ ಏನೂ ಇರಲಿಲ್ಲ.

ಐದನೆಯ ದಿನ ಮೇಲೆ ಹತ್ತಿದೆ. ಫಿರಂಗಿ ಕೂತು ತಿರುಗುವ ಆ ದುಂಡು ಭಾಗಕ್ಕೆ ಸೇನೆಯವರು ಟರೆಟ್ ಅನ್ನುತ್ತಾರೆ. ವೆಲ್ಡರ್ ಮೊದಲ ದಿನವೇ ಅದಕ್ಕೆ ಬುರುಡೆ ಎಂದು ಹೆಸರಿಟ್ಟಿದ್ದ, ನಮ್ಮ ಬಾಯಲ್ಲಿ ಅದೇ ಉಳಿಯಿತು. ಬುರುಡೆಯ ಎಡಮಗ್ಗುಲಲ್ಲಿ ಪದರಗಳು ಗಟ್ಟಿಯಾಗಿದ್ದವು. ಮೇಲೆ ಬೆಳ್ಳಿ ಬಣ್ಣ, ಅದರಡಿ ಹೊಳೆಯುವ ಹಸಿರು, ಅದರಡಿ ಇನ್ನೆರಡು ಹಸಿರು. ಎಲ್ಲಕ್ಕಿಂತ ಕೆಳಗೆ, ಕಾರ್ಖಾನೆಯ ಮೂಲ ಹಸಿರಿನ ಮೇಲೆ, ಒರಟಾದ ಮಾಸಲು ಹಳದಿ. ಮರಳು ಕಲಸಿದ ಹಾಗೆ ಇತ್ತು. ಗೆರೆ ಗೆರೆಯಾಗಿ, ಏರು ತಗ್ಗಾಗಿ ಮೆತ್ತಿದ್ದರು. ಮೇಲೆ ಅಷ್ಟು ಪದರ ಬಿದ್ದರೂ ಆ ಏರು ತಗ್ಗು ಮುಚ್ಚಿರಲಿಲ್ಲ.

ನನಗೆ ಸಿಟ್ಟು ಬಂತು. "ಯಾವನೋ ಇವನು ಅಡ್ನಾಡಿ ಪೇಂಟರ್, ಬ್ರಷ್ಷೂ ಹಿಡದಿಲ್ಲ, ಗೋಡಿಗೆ ಸಗಣಿ ಬಡದಂಗ ಬಡದಾನ" ಎಂದು ವೆಲ್ಡರಿಗೆ ತೋರಿಸಿದೆ. ಲಾರಿ ಪೇಂಟರಿಗೆ ಮೈಯಲ್ಲಿ ಒಂದು ಗೆರೆ ಕಂಡರೂ ನಿದ್ದೆ ಬರುವುದಿಲ್ಲ. ನಮ್ಮಲ್ಲಿ ಬಣ್ಣ ಅಂದರೆ ಕನ್ನಡಿ. ಎರಡು ದಿನ ಹಿಡಿಯಿತು. ಗ್ರೈಂಡರಿನಲ್ಲಿ ಉಬ್ಬು ಇಳಿಸಿ, ಆಮೇಲೆ ಎಂಬತ್ತರ ನಂಬರಿನ ಉಜ್ಜುವ ಪೇಪರ್, ನೂರಿಪ್ಪತ್ತರದ್ದು, ಕೊನೆಗೆ ನೀರು ಹಾಕಿ ಇನ್ನೂರಿಪ್ಪತ್ತರದ್ದು. ನಡುನಡುವೆ ಬನಿಯನ್ ಬಟ್ಟೆಯ ತುಂಡನ್ನು ಉಕ್ಕಿನ ಮೇಲೆ ಹಾಸಿ, ಅದರ ಮೇಲೆ ಅಂಗೈ ಆಡಿಸುತ್ತಿದ್ದೆ. ಕಣ್ಣಿಗೆ ಕಾಣದ ಉಬ್ಬು ಬಟ್ಟೆಯ ಮೇಲಿಂದ ಕೈಗೆ ಹತ್ತುತ್ತದೆ. ಎಲ್ಲಿ ಹತ್ತಿತೋ ಅಲ್ಲಿ ಮತ್ತೆ ಉಜ್ಜುವುದು. ಎರಡನೆಯ ದಿನ ಸಂಜೆ ಎಲ್ಲಿ ಕೈಯಾಡಿಸಿದರೂ ಏನೂ ಹತ್ತಲಿಲ್ಲ. ಅವತ್ತು ನಾನು ಬಹಳ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಡ್ರೈವರಜ್ಜ ಬಂದದ್ದು ಮಾರನೆಯ ದಿನ ಬೆಳಿಗ್ಗೆ. ಕಪ್ಪು ಕನ್ನಡಕ, ತಲೆಗೆ ಟವಲು. ಕಾರ್ಯದರ್ಶಿ ಕೈ ಹಿಡಿದುಕೊಂಡು ಬಂದರು. ಅಜ್ಜ ಕೆಳಗೆ ನಿಂತು ಟ್ಯಾಂಕನ್ನು ಒಂದು ಸುತ್ತು ಹಾಕಿದರು. ನಾವು ಬಣ್ಣಕ್ಕೆಂದು ಕಬ್ಬಿಣದ ಪೈಪಿನಲ್ಲಿ ಮಾಡಿಕೊಂಡಿದ್ದ ಅಟ್ಟಣಿಗೆ ಎಡಗಡೆ ಇತ್ತು. ಅದನ್ನು ನಿಧಾನಕ್ಕೆ ಹತ್ತಿದರು. ಹತ್ತಿದವರೇ ಕೈ ಚಾಚಿ ಬುರುಡೆ ಸವರಿದರು. ಮುಂದಿನಿಂದ ಹಿಂದಕ್ಕೆ, ಮತ್ತೆ ಹಿಂದಿನಿಂದ ಮುಂದಕ್ಕೆ.

"ಇಲ್ಲಿ ಬೆರಳಿನ ಗುರ್ತು ಇದ್ವಲ್ರಿ" ಎಂದರು.

ನನಗೆ ಅರ್ಥವಾಗಲಿಲ್ಲ. ಅಜ್ಜ ಬಿಡಿಸಿ ಹೇಳಿದರು. ಲಡಾಯಿಗೆ ಹೊರಡುವ ಹಿಂದಿನ ದಿನ ಸಂಜೆ ಮರಳಿನ ಬಣ್ಣದ ಡಬ್ಬಿಗಳು ಬಂದವಂತೆ, ಬ್ರಷ್ ಬರಲಿಲ್ಲವಂತೆ. ಹಸಿರು ಟ್ಯಾಂಕು ಮರುಭೂಮಿಯಲ್ಲಿ ಮೈಲು ದೂರಕ್ಕೆ ಕಾಣುತ್ತದೆ. ಬಣ್ಣಕ್ಕೆ ಡೀಸೆಲ್ ಹೊಯ್ದು, ಹೊಳಪು ಸಾಯಲಿ ಎಂದು ಮರಳು ಕಲಸಿ, ಬರಿಗೈಯಲ್ಲಿ ಬಳಿದರು. ಕೆಳಗಿನ ಮೈಯನ್ನು ಡ್ರೈವರು, ಮೇಲಿನದನ್ನು ಗನ್ನರು. "ಪ್ಯಾಟರ್ನು ಗೀಟರ್ನು ಏನಿಲ್ಲ ತಮ್ಮಾ. ಗಾಳಿಗೆ ಮಳ್ಳು ಹೆಂಗ ಬೀಳತೈತಿ ಹಂಗ ಕೈ ಎಳೀರಿ ಅಂದಿದ್ರು ಸಾಹೇಬ್ರು." ಅದಾದ ಮೂರನೆಯ ದಿನಕ್ಕೆ ಗನ್ನರ್ ಇಲ್ಲ. ಸುಟ್ಟದ್ದೂ ಅಲ್ಲೇ, ದೇಹ ಊರಿಗೆ ಬರಲಿಲ್ಲ. ಶಿಬಿರದ ಗೇಟಿನಲ್ಲಿ ಟ್ಯಾಂಕು ನಿಂತಿದ್ದಾಗ ಅಜ್ಜ ಎರಡು ಸಲ ಹೋಗಿ ಬಂದಿದ್ದರು. ಬಣ್ಣದ ಅಡಿಯಲ್ಲಿ ಆ ಬೆರಳಿನ ಗೆರೆ ಕೈಗೆ ಹತ್ತುತ್ತಿದ್ದವು. ಗನ್ನರ್‌ನ ತಂಗಿ ಹರಪನಹಳ್ಳಿ ತಾಲ್ಲೂಕು ಬಾಗಳಿಗೆ ಕೊಟ್ಟವಳು. ಉದ್ಘಾಟನೆಗೆ ಬಾ, ನಿಮ್ಮಣ್ಣನ ಕೈ ಮುಟ್ಟಿಸ್ತೀನಿ ಎಂದು ಅಜ್ಜ ಆಕೆಗೆ ಮಾತು ಕೊಟ್ಟಿದ್ದರು. ಟ್ಯಾಂಕನ್ನು ಇಲ್ಲಿಗೆ ತರಿಸಿದ್ದೇ ಅದಕ್ಕೆ.

ಅಟ್ಟಣಿಗೆಯ ಪೈಪು ಹಿಡಿದುಕೊಂಡು ನಿಂತೆ. "ಅಜ್ಜಾರ, ನಾ ಉಜ್ಜಿಬಿಟ್ಟೀನ್ರಿ" ಎಂದೆ.

ಅಜ್ಜ ಬೈಯಲಿಲ್ಲ. "ಉಜ್ಜಿದ ಪುಡಿ ಎಲ್ಲಿ ಹಾಕೀರಿ?" ಎಂದು ಮಾತ್ರ ಕೇಳಿದರು. ಪುಡಿಯನ್ನು ಗುಡಿಸಿ ಹಾಕುವವರು ಯಾರು, ಬಯಲಿನಲ್ಲಿ ಅದು ಅಲ್ಲಲ್ಲೇ ಹೋಗಿತ್ತು. ಕಾರ್ಯದರ್ಶಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಹೇಳಿದ್ದರು, ನಾನು ಕೇಳಲಿಲ್ಲ. ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

ಆಮೇಲಿನ ನಾಲ್ಕು ದಿನ ಎಲ್ಲಾದರೂ ಒಂದಿಷ್ಟು ಉಳಿದಿದೆಯೇ ಎಂದು ಹುಡುಕಿದೆವು. ಬುರುಡೆಯ ಬಲಮಗ್ಗುಲನ್ನೂ ನಾನು ಬಿಟ್ಟಿರಲಿಲ್ಲ, ಅಲ್ಲಿಯೂ ಬೆತ್ತಲೆ ಉಕ್ಕು. ಹಿಂಬದಿಗೆ ಒಂದು ಸಾಮಾನಿನ ಪೆಟ್ಟಿಗೆ ಬೋಲ್ಟು ಹಾಕಿ ಕೂರಿಸಿದ್ದರು. ಅದರ ಹಿಂದೆ ನನ್ನ ಬ್ರಷ್ ಹೋಗಿರಲಿಲ್ಲ. ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ವೆಲ್ಡರ್ ಅವನ್ನು ಕಾಯಿಸಿ, ಎಣ್ಣೆ ಬಿಟ್ಟು, ಎರಡನ್ನು ಬಿಚ್ಚಿ, ಎರಡನ್ನು ಕತ್ತರಿಸಿ ಪೆಟ್ಟಿಗೆ ಇಳಿಸಿದ. ಅಜ್ಜ ಕೆಳಗೆ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಪೆಟ್ಟಿಗೆಯ ಹಿಂದೆ ಬರೀ ಹಸಿರು. ಅವತ್ತು ಬಣ್ಣ ಬಳಿಯುವಾಗಲೂ ಪೆಟ್ಟಿಗೆ ಅಲ್ಲೇ ಇತ್ತಲ್ಲ, ಅದರ ಹಿಂದೆ ಕೈ ಹೋಗುವುದು ಹೇಗೆ? "ಏನಾರ ಐತೇನ್ರಿ?" ಎಂದು ಅಜ್ಜ ಕೆಳಗಿನಿಂದ ಕೂಗಿದರು. ವೆಲ್ಡರ್ ನನ್ನ ಕಡೆ ನೋಡಿದ. "ಇಲ್ರಿ" ಎಂದು ನಾನೇ ಹೇಳಬೇಕಾಯಿತು.

ಫೋಟೋ ನೆನಪಾಯಿತು. ಕೆಲಸ ಶುರು ಮಾಡುವ ಮೊದಲು ಸ್ಟೇಟಸ್ಸಿಗೆ ಹಾಕಲು ಒಂದು ತೆಗೆಸಿಕೊಂಡಿದ್ದೆ. ಓಡಿ ಹೋಗಿ ಫೋನು ತಂದು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆವು. ಬುರುಡೆಯ ಎಡಮಗ್ಗುಲಿಗೆ ಬೆನ್ನು ಹಚ್ಚಿ, ಕೈಕಟ್ಟಿಕೊಂಡು, ಟ್ಯಾಂಕನ್ನೇ ಗೆದ್ದವನ ಹಾಗೆ ನಾನು ನಿಂತಿದ್ದೆ. ಬೇಕಾದ ಜಾಗ ಪೂರ್ತಿ ನನ್ನ ಬೆನ್ನ ಹಿಂದೆ ಇತ್ತು. ಆ ಫೋಟೋಗೆ ನೂರಾರು ಜನ ಹೆಬ್ಬೆಟ್ಟು ಒತ್ತಿದ್ದರು. ಅಳಿಸಿಬಿಟ್ಟೆ.

ಆ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಯಾವ ಕೆಲಸ ಕೆಟ್ಟರೂ ಮತ್ತೆ ಮಾಡಬಹುದು ಎನ್ನುವ ಧೈರ್ಯದ ಮೇಲೆ ಬದುಕಿದವನು ನಾನು. ಬಣ್ಣ ಸುಕ್ಕಾಯಿತೇ, ಉಜ್ಜಿ ಮತ್ತೆ ಹೊಡಿ. ಈ ಕೆಲಸ ಕೆಟ್ಟದ್ದೇ ಉಜ್ಜಿದ್ದರಿಂದ.

ಕೆಲಸ ನಿಲ್ಲಿಸುವ ಹಾಗೂ ಇರಲಿಲ್ಲ. ಬೆತ್ತಲೆ ಉಕ್ಕು ಒಂದು ರಾತ್ರಿಯ ತಂಪಿಗೂ ತುಕ್ಕು ಹಿಡಿಯುತ್ತದೆ. ಪ್ರೈಮರ್ ಹೊಡೆಯಲು ಹೋದರೆ ಹನ್ನೊಂದು ಗಂಟೆಯ ಬಿಸಿಲಿಗೆ ಉಕ್ಕಿನ ಮೇಲೆ ಕೈ ಇಡಲಾಗದು. ಬಣ್ಣ ಹೊಡೆಯುವ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತಿತ್ತು. ಬೆಳಗಿನ ಐದೂವರೆಗೆ ಶುರು ಮಾಡಿ ಎಂಟೂವರೆಗೆ ನಿಲ್ಲಿಸುವುದೆಂದು ಮಾಡಿಕೊಂಡೆವು. ಮಿಲಿಟರಿ ಬಣ್ಣಕ್ಕೆ ಹೊಳಪು ಇರಬಾರದು. ನಮ್ಮ ಅಂಗಡಿಗಳಲ್ಲಿ ಸಿಗುವುದೆಲ್ಲ ಹೊಳೆಯುವುದೇ. ಸೀಮೆಸುಣ್ಣದ ಪುಡಿ ಬೆರೆಸಿ ನೋಡಿದೆ, ಪಟ್ಟಿ ಪಟ್ಟಿ ಬಂತು. ದಾವಣಗೆರೆಯಿಂದ ಹೊಳಪು ಕೊಲ್ಲುವ ಪುಡಿ ತರಿಸಿ ಬೆರೆಸಿದ ಮೇಲೆ ಹಸಿರು ಸರಿಹೋಯಿತು. ಅಜ್ಜ ಆಪರೇಷನ್ ಆದ ಕಣ್ಣಿನಿಂದಲೇ ನೋಡಿ, "ಹಾಂ, ಇದಾ" ಎಂದರು. ಆ ಕೆಲಸದಲ್ಲಿ ನನಗೆ ಸಿಕ್ಕ ಒಂದೇ ಒಳ್ಳೆಯ ಮಾತು ಅದು.

ಉಳಿದದ್ದು ಮರಳಿನ ಬಣ್ಣ. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದರು. "ಆಗಿದ್ದು ಆತು. ನೀವಾ ನಾಕು ಬೆರಳು ಎಳದುಬಿಡ್ರಿ. ಆ ಯಮ್ಮಗ ಏನು ಗೊತ್ತಾಗತೈತಿ?"

ನಾನು ಇಲ್ಲ ಅನ್ನಲಿಲ್ಲ. ಅಂಗಡಿಗೆ ಹೋಗಿ ಹಳೆಯ ಲಾರಿ ಬಾಗಿಲೊಂದನ್ನು ನೆಲಕ್ಕೆ ಹಾಕಿಕೊಂಡು, ಮರಳು ಕಲಸಿದ ಬಣ್ಣದಲ್ಲಿ ಕೈ ಅದ್ದಿ ಎಳೆದು ನೋಡಿದೆ. ಚೆನ್ನಾಗಿ ಬಂತು. ಅದೇ ಕೆಟ್ಟದ್ದು. ಗೆರೆಗಳೆಲ್ಲ ಒಂದೇ ಸಮ, ಒಂದೇ ಬಳುಕು, ಲಾರಿಯ ಹಿಂಬಾಗಿಲಿನ ನವಿಲುಗರಿಯ ಹಾಗೆ. ಒರೆಸಿ ಮತ್ತೆ ಎಳೆದೆ. ಬೇಕೆಂದೇ ಸೊಟ್ಟಗೆ ಎಳೆದೆ. ಆ ಸೊಟ್ಟಿನಲ್ಲೂ ನನ್ನ ಕೈ ಕಾಣುತ್ತಿತ್ತು.

ಬಾಗಿಲನ್ನು ಅಜ್ಜನಿಗೆ ತೋರಿಸಿದೆ. ಅವರು ಸವರಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ. "ಇದನ್ನಾ ಹಾಕಿಬಿಡು ತಮ್ಮಾ" ಎಂದರು. "ನಾ ಆಕಿಗೆ ಮಾತು ಕೊಟ್ಟೀನಿ. ಆಕಿಗೂ ಎಪ್ಪತ್ತು ಹತ್ರ ಬಂತು. ಮುಟ್ಟಿ ಹೋಗ್ಲಿ ಬಿಡು."

ಇಷ್ಟು ದಿನ ಒಂದು ಗೆರೆಗಾಗಿ ಒದ್ದಾಡಿದ ಮನುಷ್ಯ ಹೀಗೆ ಹೇಳಿಬಿಟ್ಟರು. ಒಪ್ಪಿಕೊಂಡಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು, ನನಗೂ.

"ಆಗಲ್ರಿ ಅಜ್ಜಾರ" ಎಂದೆ. "ಒಂದು ಅಳಿಸೀನಿ. ಅದರ ಮ್ಯಾಲ ಇನ್ನೊಂದು ಸುಳ್ಳು ಬರದ್ರ ಈ ಕೈಲೆ ಮತ್ತ ಬ್ರಷ್ ಹಿಡೀಲಾರೆ. ಕೆಳಗಿನ ಮೈಗೆ ಬಳದೋರು ನೀವಾ. ಅದನ್ನ ನೀವಾ ಬಳೀರಿ, ಅದು ಖರೇದು. ಬುರುಡಿಗೆ ನಾ ಗನ್ನಿಲೆ ಸಾದಾ ಹೊಡೀತೀನಿ. ಆ ಯಮ್ಮ ಬಂದಾಗ ನಾನಾ ಹೇಳ್ತೀನಿ."

ಅಜ್ಜ ತಲೆ ಅಲ್ಲಾಡಿಸಿದರು. ಸರಿ ಎಂದೋ ಬೇಡ ಎಂದೋ ಗೊತ್ತಾಗಲಿಲ್ಲ. ಮಾರನೆಯ ಬೆಳಿಗ್ಗೆ ಐದಕ್ಕೇ ಬಂದು ನಿಂತಿದ್ದರು. ಹಳ್ಳದ ಮರಳನ್ನು ಜರಡಿ ಹಿಡಿದು, ಬಣ್ಣಕ್ಕೆ ಡೀಸೆಲ್ ಹೊಯ್ದು, ಅವರು ಹೇಳಿದ ಹದಕ್ಕೆ ಕಲಸಿಕೊಟ್ಟೆ. ಸ್ಟೂಲಿನ ಮೇಲೆ ಕೂತು ಬಳಿದರು. ಎರಡು ಸಲ ಎಳೆದರೆ ಕೈ ಸೋಲುತ್ತಿತ್ತು, ಇಳಿಬಿಟ್ಟು ಸುಧಾರಿಸಿಕೊಂಡು ಮತ್ತೆ ಎಳೆಯುತ್ತಿದ್ದರು. ಮೂರು ಮುಂಜಾನೆ ಹಿಡಿಯಿತು. ನಾನು ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬಣ್ಣ ಸೋರಿತು, ಎಲ್ಲೋ ದಪ್ಪ, ಎಲ್ಲೋ ತೆಳು. ನಾನು ಒಂದು ಗೆರೆಯನ್ನೂ ತಿದ್ದಲಿಲ್ಲ. ಬುರುಡೆಗೆ ಅದೇ ಬಣ್ಣವನ್ನು ಸೋಸಿ ಗನ್ನಿನಲ್ಲಿ ಹೊಡೆದೆ. ಅದು ನುಣ್ಣಗೆ, ಚೊಕ್ಕವಾಗಿ ಬಂತು. ಅದನ್ನು ನೋಡಲು ನನಗೇ ಹೇಸಿಗೆಯಾಯಿತು.

ಉದ್ಘಾಟನೆಯ ದಿನ ಫೋಟೋಗೆ ಅಡ್ಡವೆಂದು ಕಾರ್ಯದರ್ಶಿ ಅಟ್ಟಣಿಗೆ ತೆಗೆಸಲು ಬಂದರು. ನಾನು ಬಿಡಲಿಲ್ಲ, ಮಾತಿಗೆ ಮಾತೂ ಆಯಿತು. ಹತ್ತೂವರೆಗೆ ಬಾಗಳಿಯಿಂದ ಆ ಅಮ್ಮ ಬಂದಳು. ಗಿಡ್ಡ ಆಳು, ಹಣೆಯ ತುಂಬ ಭಂಡಾರ, ಕಾಲಲ್ಲಿ ಹೊಸ ಚಪ್ಪಲಿ. ಚಪ್ಪಲಿ ಕೆಳಗೆ ಬಿಟ್ಟು ಅಟ್ಟಣಿಗೆ ಹತ್ತಿದಳು. ಡ್ರೈವರಜ್ಜ ಕೆಳಗೇ ಉಳಿದರು, ತಲೆ ಎತ್ತಲಿಲ್ಲ. ಆಕೆ ಎರಡೂ ಕೈ ಚಾಚಿ ಬುರುಡೆ ಸವರಿದಳು. ಬೇರೆ ಕಡೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲೈತಪ್ಪಾ?" ಎಂದಳು.

ಹೇಳಿದೆ. ನಾನೇ ಅಳಿಸಿದ್ದು, ಕಾಯಿರಿ ಅಂದರೂ ಕಾಯಲಿಲ್ಲ, ಕೆಟ್ಟ ಕೆಲಸ ಅಂದುಕೊಂಡು ಉಜ್ಜಿದೆ ಎಂದು ಎಲ್ಲವನ್ನೂ ಹೇಳಿದೆ. ಆಕೆ ಮತ್ತೊಮ್ಮೆ ಬುರುಡೆಯ ಮೇಲೆ ಅಂಗೈ ಇಟ್ಟಳು.

"ಐವತ್ತು ವರ್ಷದ ಬಿಸಲು ಮಳಿ ಅಳಿಸಿದ್ದಿಲ್ಲ. ನೀ ಎರಡು ದಿನದಾಗ ಅಳಿಸಿದಿ."

"ಹೌದವ್ವಾ."

"ಮಿಷನ್ನಿಲೇನು ಕೈಲೇನು?"

"ಮೊದಲ ಮಿಷನ್ನು. ಆಮ್ಯಾಲ ಕೈ."

"ಹಂಗಾರ ನಿನ್ನ ಕೈಗೆ ಹತ್ಯಾವು." ಆಕೆ ಹತ್ತಿರ ಬಂದಳು. "ನಮ್ಮಣ್ಣನ ಕೈ ಕಡೀಗೆ ಮುಟ್ಟಿದಾಂವ ನೀನಾ. ಹೆಂಗಿದ್ವು ಹೇಳು. ಎಷ್ಟು ದಪ್ಪಿದ್ವು? ಎತ್ತಾಗ ಎಳದಿದ್ದ?"

ನನಗೆ ಪೂರ್ತಿ ನೆನಪಿರಲಿಲ್ಲ. ತಪ್ಪು ಹುಡುಕುವ ಕೈಗೆ ಎಷ್ಟು ನೆನಪಿರುತ್ತದೆಯೋ ಅಷ್ಟೇ ಇತ್ತು. "ಸರಿಯಾಗಿ ನೆಪ್ಪಿಲ್ಲವ್ವಾ, ಸುಳ್ಳು ಹೇಳಂಗಿಲ್ಲ" ಎಂದೆ. ಆಕೆ ಸೀರೆಯ ಸೆರಗು ಸರಿಸಿ, ಬಳೆಗಳನ್ನು ಮೇಲಕ್ಕೆ ತಳ್ಳಿ, ಮುಂಗೈ ಚಾಚಿದಳು. "ನೆಪ್ಪಿದ್ದಷ್ಟು ಇದರ ಮ್ಯಾಲ ತೋರಿಸು."

ನಾಲ್ಕು ಬೆರಳು ಅಗಲಿಸಿ, ಆಕೆಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಳೆದೆ. ಮೊದಲು ಒತ್ತಿ, ಕೊನೆಗೆ ಹಗುರ ಮಾಡಿ, ಸ್ವಲ್ಪ ಓರೆಗೆ. ಆಕೆಯ ತೋಳು ಬಿಸಿಯಾಗಿತ್ತು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ನನಗೆ ಆಗ ಬಂತು. ಆಕೆ ಅಳಲಿಲ್ಲ, ತೋಳನ್ನೇ ನೋಡುತ್ತಿದ್ದಳು.

"ಇನ್ನೊಮ್ಮಿ" ಎಂದಳು.

ಕೆಳಗೆ ಕಾರ್ಯದರ್ಶಿ ಮೈಕಿನಲ್ಲಿ, ಕನ್ನಡಿಯಂಥ ಕೆಲಸ ಮಾಡಿದ ನಮ್ಮೂರ ಪೇಂಟರು ವೇದಿಕೆಗೆ ಬಂದು ಸನ್ಮಾನ ಸ್ವೀಕರಿಸಬೇಕು ಎಂದು ಎರಡನೆಯ ಸಲ ಕರೆಯುತ್ತಿದ್ದರು. ನಾನು ಇಳಿಯಲಿಲ್ಲ. ಆಕೆ ಸಾಕು ಅನ್ನುವವರೆಗೂ ಎಳೆದೆ.